ಬಡಾವಣೆಗೆ ಅಂಕ ಕೊಡುವ ವಾಕ್ ಸ್ಕೋರ್‌ಗೆ ನಮ್ಮ ಅಂಕ

ವಿಳಾಸ ಬರೆದು ಗುಂಡಿ ಒತ್ತಿದರೆ ಸೊನ್ನೆಯಿಂದ ನೂರರೊಳಗೊಂದು ಅಂಕ ಬರುತ್ತದೆ. ವಾಕ್ ಸ್ಕೋರ್ ಎಂಬ ಜಾಲತಾಣದ ಕೆಲಸ ಇಷ್ಟೇ. 2007ರಲ್ಲಿ ಅಮೆರಿಕದ ಸಿಯಾಟಲ್‌ನಲ್ಲಿ ಶುರುವಾದ ಈ ಸೇವೆಯನ್ನು 2014ರಲ್ಲಿ ಮನೆ ಮಾರಾಟದ ವ್ಯವಹಾರ ನಡೆಸುವ ರೆಡ್‌ಫಿನ್ ಕೊಂಡುಕೊಂಡಿತು. ಮನೆ ಹುಡುಕುವವರು ಇದನ್ನು ನೋಡುತ್ತಾರೆ, ನಗರ ಯೋಜಕರು ನೋಡುತ್ತಾರೆ, ಸಾರ್ವಜನಿಕ ಆರೋಗ್ಯದ ಸಂಶೋಧಕರೂ ನೋಡುತ್ತಾರೆ. ಅಂಕ ಹೆಚ್ಚಿದ್ದರೆ ಜನ ಹೆಚ್ಚು ನಡೆಯುತ್ತಾರೆ, ಹೆಚ್ಚು ನಡೆದವರು ಆರೋಗ್ಯವಾಗಿರುತ್ತಾರೆ ಎಂಬ ಲೆಕ್ಕ ಮೂವರ ತಲೆಯಲ್ಲೂ ಓಡುತ್ತಿರುತ್ತದೆ. ಆ ಲೆಕ್ಕ ಅರ್ಧ ಸರಿ. ಉಳಿದರ್ಧ ಎಲ್ಲಿ ತಪ್ಪುತ್ತದೆ, ತಪ್ಪಿದ್ದನ್ನು ಒಂದು ಟೇಪು, ಸ್ಟಾಪ್‌ವಾಚ್, ಫೋನು ಹಿಡಿದು ಒಂದು ಗಂಟೆಯಲ್ಲಿ ಹೇಗೆ ತುಂಬಿಕೊಳ್ಳಬಹುದು ಎನ್ನುವುದನ್ನು ಇಲ್ಲಿ ನೋಡೋಣ.

ಅಂಕ ಹುಟ್ಟುವ ಬಗೆ

ಒಳಗಿನ ಯಂತ್ರ ಸರಳ. ನಿಮ್ಮ ವಿಳಾಸದಿಂದ ಸುತ್ತಲಿನ ಅಂಗಡಿ, ಶಾಲೆ, ಪಾರ್ಕುಗಳ ದೂರವನ್ನು ಅದು ಲೆಕ್ಕ ಹಾಕುತ್ತದೆ. ಐದು ನಿಮಿಷದ ನಡಿಗೆಯೊಳಗೆ, ಅಂದರೆ ಸುಮಾರು 400 ಮೀಟರ್ ಒಳಗೆ, ಇರುವ ಜಾಗಕ್ಕೆ ಪೂರ್ತಿ ಅಂಕ. ಅಲ್ಲಿಂದಾಚೆ ಅಂಕ ಕರಗುತ್ತ ಹೋಗಿ 1.6 ಕಿಲೋಮೀಟರ್ ಹೊತ್ತಿಗೆ ಸುಮಾರು ಶೇ. 12ಕ್ಕೆ ಇಳಿಯುತ್ತದೆ. ಮೂವತ್ತು ನಿಮಿಷದ ನಡಿಗೆ ದಾಟಿದ ಜಾಗ ಲೆಕ್ಕಕ್ಕೇ ಇಲ್ಲ. ಆರಂಭದಲ್ಲಿ ದೂರವನ್ನು ಹಕ್ಕಿ ಹಾರುವ ದಾರಿಯಲ್ಲಿ ಅಳೆಯುತ್ತಿದ್ದರು. ನಡುವೆ ನದಿಯೋ ರೈಲು ಹಳಿಯೋ ಬಂದರೂ ಆಚೆ ದಡದ ಅಂಗಡಿ ‘ಹತ್ತಿರ’ವೇ ಆಗಿಬಿಡುತ್ತಿತ್ತು. ಆಮೇಲೆ ರಸ್ತೆಯ ಮೇಲಿನ ನಿಜವಾದ ದೂರ ಬಂತು. ಜೊತೆಗೆ ರಸ್ತೆ ಜಾಲದ ಹೆಣಿಗೆಗೂ ಒಂದು ಸಣ್ಣ ದಂಡ ಸೇರಿತು. ಒಂದು ಚದರ ಮೈಲಿಯಲ್ಲಿ 200ಕ್ಕಿಂತ ಹೆಚ್ಚು ಕೂಡುರಸ್ತೆಗಳಿದ್ದರೆ ದಂಡವಿಲ್ಲ, 60ಕ್ಕಿಂತ ಕಡಿಮೆಯಿದ್ದರೆ ಶೇ. 5 ಕಡಿತ. ರಸ್ತೆಯ ಒಂದು ಬ್ಲಾಕಿನ ಸರಾಸರಿ ಉದ್ದ 120 ಮೀಟರ್ ಒಳಗಿದ್ದರೆ ದಂಡವಿಲ್ಲ, 195 ಮೀಟರ್ ದಾಟಿದರೆ ಮತ್ತೊಂದು ಶೇ. 5 ಕಡಿತ.

ಅಸಲು ವಿಷಯ ಇರುವುದು ತೂಕದಲ್ಲಿ. ಸಂಸ್ಥೆ ಹಿಂದೆ ಪ್ರಕಟಿಸಿದ ವಿಧಾನಪತ್ರದಲ್ಲಿ ಒಟ್ಟು ತೂಕ 15. ದಿನಸಿ ಅಂಗಡಿಗೆ 3. ಹತ್ತು ರೆಸ್ಟೋರೆಂಟ್‌ಗಳಿಗೆ ಒಟ್ಟಾಗಿ 3. ಇತರ ಐದು ಅಂಗಡಿಗಳಿಗೆ 2. ಎರಡು ಕಾಫಿ ಅಂಗಡಿಗಳಿಗೆ 2. ಬ್ಯಾಂಕು, ಪಾರ್ಕು, ಶಾಲೆ, ಪುಸ್ತಕದ ಜಾಗ, ಮನರಂಜನೆ ಇವಕ್ಕೆ ತಲಾ 1. ಈ ಹದಿನೈದನ್ನು ನೂರಕ್ಕೆ ಹಿಗ್ಗಿಸಿ, ದಂಡ ಕಳೆದರೆ ನಿಮ್ಮ ಅಂಕ.

ಕಾಗದದ ಮೇಲೆ ಒಮ್ಮೆ ಕೂಡಿ ನೋಡಿ. ಪಾರ್ಕೂ ಇಲ್ಲದ, ಶಾಲೆಯೂ ಇಲ್ಲದ ಒಂದು ಜಾಗ ಇದೆಯೆಂದುಕೊಳ್ಳಿ. ಉಳಿದದ್ದೆಲ್ಲ ಐದು ನಿಮಿಷದೊಳಗಿದೆ. ತೂಕ 13. ಹದಿನೈದರಲ್ಲಿ ಹದಿಮೂರು ಎಂದರೆ ನೂರಕ್ಕೆ ಸುಮಾರು 87. ತಾಣದ ವರ್ಗೀಕರಣದಲ್ಲಿ 70ರಿಂದ 89ರವರೆಗೆ ‘ಬಹಳ ನಡೆಯಬಹುದಾದ’ ಜಾಗ, 90 ದಾಟಿದರೆ ನಡೆಯುವವರ ಸ್ವರ್ಗ. ಅಂದರೆ ಮಗು ಆಡಲು ಒಂದು ಹುಲ್ಲುಗರಿಯೂ ಇಲ್ಲದ ಬಡಾವಣೆ ಸ್ವರ್ಗದ ಬಾಗಿಲಿನಲ್ಲಿ ನಿಂತಿರಬಹುದು. ಇನ್ನೊಂದು ತಮಾಷೆ: ಪಾರ್ಕಿಗೆ ಅಂಕ ಒಮ್ಮೆ ಮಾತ್ರ. ಎರಡನೆಯ, ಮೂರನೆಯ ಪಾರ್ಕು ಬಂದರೂ ಅಂಕ ಅಲುಗುವುದಿಲ್ಲ. ಎರಡು ಬೆಂಚು ಹಾಕಿದ ತ್ರಿಕೋನದ ತುಂಡೂ ಹತ್ತು ಹೆಕ್ಟೇರಿನ ಕೆರೆಯಂಗಳವೂ ಒಂದೇ. ರೆಸ್ಟೋರೆಂಟಿಗಾದರೆ ಹತ್ತನೆಯದಕ್ಕೂ ಚೂರು ಅಂಕವಿದೆ. ಆ ಪಟ್ಟಿಯಲ್ಲಿ ಔಷಧದಂಗಡಿಗೂ ಚಿಕಿತ್ಸಾಲಯಕ್ಕೂ ಸ್ವಂತ ಸ್ಥಾನವಿಲ್ಲ ಎಂಬುದನ್ನೂ ಗಮನಿಸಿ. ಕೆಲಸಕ್ಕೆ ಹೋಗುವ, ಹೊರಗೆ ಕಾಲ ಕಳೆಯುವ ಯುವಕರ ದಿನಚರಿಗೆ ಹೊಲಿದ ಅಂಗಿ ಇದು. ಎಪ್ಪತ್ತು ದಾಟಿದವರಿಗೂ ಗಾಡಿಯಲ್ಲಿ ಕೂಸನ್ನು ತಳ್ಳುವವರಿಗೂ ಇದೇ ಅಂಗಿ ಹೊಂದಬೇಕೆಂದಿಲ್ಲ.

ಸರಿಯಾಗಿ ಹೇಳುವುದೇನು

ಹಾಗಂತ ಇದು ಬರೀ ಆಟಿಕೆಯಲ್ಲ. 2010, 2011ರ ಹೊತ್ತಿಗೆ ಬಂದ ಪರಿಶೀಲನಾ ಅಧ್ಯಯನಗಳು ಈ ಅಂಕವನ್ನು ಕಂಪ್ಯೂಟರ್ ನಕಾಶೆಯಲ್ಲಿ ಕಷ್ಟಪಟ್ಟು ಎಣಿಸಿದ ಲೆಕ್ಕದ ಜೊತೆ ಹೋಲಿಸಿದವು. ಸುತ್ತ ಎಷ್ಟು ಸೌಲಭ್ಯಗಳಿವೆ, ರಸ್ತೆ ಎಷ್ಟು ದಟ್ಟವಾಗಿ ಹೆಣೆದಿದೆ ಎಂಬುದರ ಜೊತೆ ಅಂಕ ಚೆನ್ನಾಗಿಯೇ ತಾಳೆಯಾಯಿತು. ವಾರಗಟ್ಟಲೆಯ ಕೆಲಸವನ್ನು ಅರೆಕ್ಷಣದಲ್ಲಿ ಮಾಡಿಕೊಡುವ ಸಾಧನ ಎಂಬ ಮಟ್ಟಿಗೆ ಮೆಚ್ಚಲೇಬೇಕು. ಅದೇ ಹೋಲಿಕೆಯಲ್ಲಿ ಇನ್ನೊಂದೂ ಕಂಡಿತು. ಅಂಕ ಏರಿದಂತೆ ವರದಿಯಾದ ಅಪರಾಧಗಳೂ ಏರುತ್ತಿದ್ದವು. ಅಂಗಡಿ, ಜನ, ದಟ್ಟಣೆ ಒಟ್ಟಿಗೆ ಇರುವ ಕಡೆ ಇದು ಅಚ್ಚರಿಯಲ್ಲ. ಆದರೆ ಸಂಜೆಯ ನಡಿಗೆಗೆ ಹೆಜ್ಜೆ ಹೊರಗಿಡುವವರು ಎಷ್ಟು ಮಂದಿ ಎಂಬುದನ್ನು ತೀರ್ಮಾನಿಸುವ ಸಂಗತಿ ಅದು.

ಹತ್ತಿರ ಇರುವುದು ಆರೋಗ್ಯಕ್ಕೆ ಒಳ್ಳೆಯದು ಎಂಬುದಕ್ಕೆ ಗಟ್ಟಿ ಆಧಾರವಿದೆ. 2016ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಬಂದ ಅಧ್ಯಯನವೊಂದು 10 ದೇಶಗಳ 14 ನಗರಗಳಲ್ಲಿ 6,822 ವಯಸ್ಕರ ಸೊಂಟಕ್ಕೆ ಚಲನೆ ಅಳೆಯುವ ಯಂತ್ರ ಕಟ್ಟಿ ನೋಡಿತು. ವಸತಿ ಸಾಂದ್ರತೆ, ಕೂಡುರಸ್ತೆಗಳ ಸಾಂದ್ರತೆ, ಸಾರ್ವಜನಿಕ ಸಾರಿಗೆಯ ನಿಲ್ದಾಣಗಳು, ಅರ್ಧ ಕಿಲೋಮೀಟರ್ ಒಳಗಿನ ಪಾರ್ಕುಗಳ ಸಂಖ್ಯೆ ಈ ನಾಲ್ಕು ಚಟುವಟಿಕೆಯ ಜೊತೆ ಸ್ಪಷ್ಟವಾಗಿ ಹೊಂದಿಕೊಂಡವು. ಅತಿ ಅನುಕೂಲದ ಬಡಾವಣೆಗೂ ಅತಿ ಅನನುಕೂಲದ ಬಡಾವಣೆಗೂ ವಾರಕ್ಕೆ 68ರಿಂದ 89 ನಿಮಿಷಗಳ ಅಂತರ. ವಿಶ್ವ ಆರೋಗ್ಯ ಸಂಸ್ಥೆ ವಯಸ್ಕರಿಗೆ ವಾರಕ್ಕೆ ಕನಿಷ್ಠ 150 ನಿಮಿಷಗಳ ಮಧ್ಯಮ ಶ್ರಮ ಬೇಕೆನ್ನುತ್ತದೆ. ಅದರಲ್ಲಿ ಅರ್ಧಕ್ಕೆ ತುಸು ಕಡಿಮೆಯಿಂದ ಅರ್ಧಕ್ಕೂ ಮಿಕ್ಕಿ ಪಾಲು ಬಡಾವಣೆಯ ವಿನ್ಯಾಸದೊಟ್ಟಿಗೇ ಬಂದುಬಿಡಬಹುದು. ಅದಕ್ಕೆಂದು ಯಾರೂ ಬೆಳಗ್ಗೆ ಅಲಾರಂ ಇಟ್ಟುಕೊಳ್ಳಬೇಕಿಲ್ಲ. ಪಟ್ಟಿಯಲ್ಲಿ ಪಾರ್ಕುಗಳ ‘ಸಂಖ್ಯೆ’ ಇದೆ ಎನ್ನುವುದನ್ನು ಗಮನಿಸಿ. ವಾಕ್ ಸ್ಕೋರ್ ಒಂದೇ ಪಾರ್ಕಿಗೆ ನಿಲ್ಲಿಸಿಬಿಟ್ಟದ್ದು ಎಡವಟ್ಟು ಎನ್ನಲು ಇದೇ ಸಾಕು.

ಅದೇ ವರ್ಷ ಕೆನಡಾದ ಒಂಟಾರಿಯೊ ಪ್ರಾಂತ್ಯದ ದಕ್ಷಿಣ ಭಾಗದ ನಗರಗಳ ಬಗ್ಗೆ ಇನ್ನೊಂದು ದೊಡ್ಡ ಅಧ್ಯಯನ ಬಂತು. 2001ರಿಂದ 2012ರವರೆಗಿನ ಮಾಹಿತಿಯಲ್ಲಿ, ನಡೆಯಲು ಅನುಕೂಲವಾದ ಬಡಾವಣೆಗಳಲ್ಲಿ ಅತಿತೂಕದವರ ಪ್ರಮಾಣ ಹೆಚ್ಚುಕಡಿಮೆ ನಿಂತಲ್ಲೇ ನಿಂತಿತ್ತು. ಅನನುಕೂಲದ ಕಡೆ ಏರಿತ್ತು. ಹೊಸದಾಗಿ ಮಧುಮೇಹ ಬರುವವರೂ ಅನುಕೂಲದ ಕಡೆ ಕಡಿಮೆ. ಆ ಸಂಶೋಧಕರು ಬಳಸಿದ್ದು ವಾಕ್ ಸ್ಕೋರನ್ನಲ್ಲ, ತಮ್ಮದೇ ಸೂಚ್ಯಂಕವನ್ನು. ಆದರೂ ಒಂದು ಸಂಗತಿ ನಮ್ಮ ಮಾತಿಗೆ ಬೇಕು. ಬಿಡುವಿನ ವೇಳೆಯ ವ್ಯಾಯಾಮ, ಆಹಾರ, ಧೂಮಪಾನ ಇವುಗಳಲ್ಲಿ ಬಡಾವಣೆಗಳ ನಡುವೆ ವ್ಯತ್ಯಾಸವಿರಲಿಲ್ಲ. ವ್ಯತ್ಯಾಸ ಇದ್ದದ್ದು ಕೆಲಸಕ್ಕೆ, ಸಾಮಾನಿಗೆ ಕಾಲ್ನಡಿಗೆಯಲ್ಲೋ ಸೈಕಲ್ಲಿನಲ್ಲೋ ಬಸ್ಸಿನಲ್ಲೋ ಹೋಗುವುದರಲ್ಲಿ. ಅದನ್ನು ಅಳೆಯುವುದರಲ್ಲಿಯೇ ವಾಕ್ ಸ್ಕೋರ್‌ನ ಕೈ ಪಳಗಿದೆ.

ಇಂಥ ಎಲ್ಲ ಅಧ್ಯಯನಗಳಿಗೂ ಒಂದು ಕೊಕ್ಕೆ ಇದೆ. ನಡೆಯುವ ಅಭ್ಯಾಸ ಇದ್ದವರೇ ನಡೆಯಬಹುದಾದ ಜಾಗ ಹುಡುಕಿಕೊಂಡು ಬಂದು ನೆಲೆಸಿರಬಹುದು. ಹಾಗಾಗಿ ಅಂಕ 40ರ ಜಾಗದಿಂದ 80ರ ಜಾಗಕ್ಕೆ ಮನೆ ಬದಲಿಸಿದ ಮಾತ್ರಕ್ಕೆ ಸೊಂಟದ ಸುತ್ತಳತೆ ತಾನಾಗಿ ಇಳಿಯುತ್ತದೆ ಎಂದು ಯಾರಾದರೂ ಮಾರಲು ಬಂದರೆ ನಂಬಬೇಡಿ.

ದಾರಿಯಲ್ಲಿ ಏನಾಗುತ್ತದೆ ಎಂಬುದು ಅದಕ್ಕೆ ಕಾಣದು

ಐದು ನಿಮಿಷದ ನಡಿಗೆ ಎಂದರೆ ಸುಮಾರು 400 ಮೀಟರ್. ಆ 400 ಮೀಟರಿನಲ್ಲಿ ಫುಟ್‌ಪಾತ್ ಇದೆಯೇ, ನೆರಳಿದೆಯೇ, ರಸ್ತೆ ದಾಟಬಹುದೇ, ಮಾತಾಡಿದ್ದು ಕೇಳಿಸುತ್ತದೆಯೇ ಎಂಬ ಯಾವ ಪ್ರಶ್ನೆಗೂ ಅಂಕದಲ್ಲಿ ಉತ್ತರವಿಲ್ಲ. ಏರು ತಗ್ಗು ಕೂಡ ಲೆಕ್ಕಕ್ಕಿಲ್ಲ. ಇದೇ ಈ ಸೇವೆಯ ದೊಡ್ಡ ಕೊರತೆ.

ಸ್ಯಾನ್ ಫ್ರಾನ್ಸಿಸ್ಕೋದ ಮೂರು ರಸ್ತೆಗಳ ಬಗ್ಗೆ ಡೊನಾಲ್ಡ್ ಆ್ಯಪಲ್ಯಾರ್ಡ್ 1972ರಲ್ಲಿ ಪ್ರಕಟಿಸಿದ ಅಧ್ಯಯನ ಈಗಲೂ ತರಗತಿಗಳಲ್ಲಿ ಓದಿಸುವಂಥದ್ದು. ದಿನಕ್ಕೆ 2,000 ವಾಹನ ಓಡುವ ರಸ್ತೆಯಲ್ಲಿ ಒಬ್ಬ ನಿವಾಸಿಗೆ ಸರಾಸರಿ ಮೂವರು ಸ್ನೇಹಿತರು ಅದೇ ರಸ್ತೆಯಲ್ಲಿದ್ದರು. 8,000 ವಾಹನಗಳ ರಸ್ತೆಯಲ್ಲಿ 1.3. 16,000 ವಾಹನಗಳ ರಸ್ತೆಯಲ್ಲಿ 0.9. ಮುಖಪರಿಚಯದವರ ಸಂಖ್ಯೆಯೂ 6.3, 4.1, 3.1 ಎಂದು ಇಳಿಯಿತು. ಮೂರೂ ಒಂದೇ ನಗರದ ಒಂದೇ ಬಗೆಯ ರಸ್ತೆಗಳು. ಅಂಗಡಿ ಎಷ್ಟು ದೂರ ಎಂಬ ಲೆಕ್ಕದಲ್ಲಿ ಇಂಥ ಮೂರಕ್ಕೂ ಸರಿಸುಮಾರು ಒಂದೇ ಅಂಕ ಬಂದರೆ ಆಶ್ಚರ್ಯವಿಲ್ಲ. ಬದುಕು ಮಾತ್ರ ಒಂದೇ ಆಗಿರಲಿಲ್ಲ.

ಇನ್ನೊಂದು ಉದಾಹರಣೆ ಫಿಲಡೆಲ್ಫಿಯಾದ್ದು. ಅಲ್ಲಿ 541 ಪಾಳು ನಿವೇಶನಗಳನ್ನು ಲಾಟರಿಯ ಹಾಗೆ ಗುಂಪುಗಳಾಗಿ ಹಂಚಿ ಪ್ರಯೋಗ ಮಾಡಿದರು. ಫಲಿತಾಂಶ ಪ್ರಕಟವಾದದ್ದು 2018ರಲ್ಲಿ. ಒಂದು ಗುಂಪಿನ ನಿವೇಶನಗಳಲ್ಲಿ ಕಸ ತೆಗೆದು, ನೆಲ ಸಮ ಮಾಡಿ, ಹುಲ್ಲು ಹಾಗೂ ಕೆಲವು ಮರ ನೆಟ್ಟು, ಗಿಡ್ಡ ಮರದ ಬೇಲಿ ಹಾಕಿ, ತಿಂಗಳು ತಿಂಗಳು ನೋಡಿಕೊಂಡರು. ಏನೂ ಮಾಡದೆ ಬಿಟ್ಟ ನಿವೇಶನಗಳ ನೆರೆಯವರಿಗೆ ಹೋಲಿಸಿದರೆ, ಹಸಿರಾದ ನಿವೇಶನಗಳ ನೆರೆಯವರಲ್ಲಿ ಖಿನ್ನತೆ ಅನ್ನಿಸುತ್ತಿದೆ ಎಂದವರ ಪ್ರಮಾಣ ಶೇ. 41.5ರಷ್ಟು ಇಳಿಯಿತು. ಬೇಲಿ, ಹುಲ್ಲು, ನಾಲ್ಕು ಮರ, ಅಷ್ಟೇ. ವಾಕ್ ಸ್ಕೋರ್‌ನ ಪಟ್ಟಿಯಲ್ಲಿ ಇಂಥ ತುಂಡು ನೆಲಕ್ಕೆ ಹೆಸರೇ ಇಲ್ಲ, ಹಾಗಾಗಿ ಅಂಕ ಒಂದು ಚೂರೂ ಕದಲದು.

ಗಾಳಿಯ ವಿಷಯದಲ್ಲಿ ಅಂಕ ಸುಮ್ಮನಿದ್ದರೆ ಸಾಕಿತ್ತು, ಕೆಲವೊಮ್ಮೆ ತಪ್ಪು ದಿಕ್ಕಿಗೇ ಕೈ ತೋರಿಸುತ್ತದೆ. ಅಂಗಡಿಗಳು ಸಾಲುಗಟ್ಟುವುದು ದೊಡ್ಡ ರಸ್ತೆಯ ಮೇಲೆ. ಹಾಗಾಗಿ ದೊಡ್ಡ ರಸ್ತೆಗೆ ಮುಖ ಮಾಡಿದ ಮನೆಗೆ ಅಂಕ ಹೆಚ್ಚು. ವಾಹನಗಳ ಹೊಗೆಯ ಪ್ರಭಾವ ಹೆದ್ದಾರಿಯಂಥ ದೊಡ್ಡ ರಸ್ತೆಯಿಂದ 300ರಿಂದ 500 ಮೀಟರ್‌ವರೆಗೂ ಹರಡುತ್ತದೆ. ಅಂಚಿನಲ್ಲಿ ಅತಿ ಗಾಢ, ಹಿಂದೆ ಸರಿದಂತೆ ಬೇಗ ತೆಳುವಾಗುತ್ತದೆ. ಅದೇ ಬಡಾವಣೆಯಲ್ಲಿ ಎರಡು ಅಡ್ಡರಸ್ತೆ ಒಳಗಿನ ಮನೆಗೆ ಅಂಕ ಎರಡೋ ಮೂರೋ ಕಡಿಮೆ ಇದ್ದರೆ ಕಣ್ಣು ಮುಚ್ಚಿ ಅದನ್ನೇ ಆರಿಸಿ. 91ಕ್ಕೂ 88ಕ್ಕೂ ಕಾಲಿಗೆ ವ್ಯತ್ಯಾಸ ತಿಳಿಯುವುದಿಲ್ಲ, ಶ್ವಾಸಕೋಶಕ್ಕೆ ತಿಳಿಯುತ್ತದೆ.

ಮಾಹಿತಿಯೂ ಹಳಸುತ್ತದೆ. ಮುಚ್ಚಿಹೋದ ಅಂಗಡಿ ನಕಾಶೆಯಲ್ಲಿ ಬಹುಕಾಲ ಬದುಕಿರುತ್ತದೆ. ಪೊಟ್ಟಣದ ತಿಂಡಿ ಮಾತ್ರ ಮಾರುವ ಪುಟ್ಟ ಅಂಗಡಿ ‘ದಿನಸಿ’ ಎಂದು ದಾಖಲಾಗಿದ್ದರೆ, ಒಂದೇ ಏಟಿಗೆ ನೂರರಲ್ಲಿ 20 ಅಂಕ ಸುಳ್ಳು ಸೇರುತ್ತದೆ. ಗೋಡೆ ಕಟ್ಟಿ ಗೇಟು ಹಾಕಿದ ವಸತಿ ಸಮುಚ್ಚಯದ ಒಳರಸ್ತೆಯನ್ನು ನಕಾಶೆ ಎಲ್ಲರ ರಸ್ತೆ ಎಂದುಕೊಂಡರೆ 300 ಮೀಟರ್ ಎಂದು ತೋರಿಸಿದ್ದು ನಿಜದಲ್ಲಿ 900 ಆಗಿರುತ್ತದೆ. ಇದಕ್ಕೆ ತದ್ವಿರುದ್ಧವೂ ಉಂಟು: ಜನ ಓಡಾಡಿ ಸವೆಸಿದ ಕಾಲುಹಾದಿ ನಕಾಶೆಯಲ್ಲಿಲ್ಲದೆ ಅಂಕ ಅನ್ಯಾಯವಾಗಿ ಕುಸಿದಿರುತ್ತದೆ. ಅಂಕದ ಪಕ್ಕ ಬರುವ ಜಾಗಗಳ ಪಟ್ಟಿಯನ್ನು ತೆರೆದು, ದಿನಸಿ ಮತ್ತು ಪಾರ್ಕು ಎಂದು ಯಾವುದನ್ನು ಹಿಡಿದಿದ್ದಾರೆ ಎಂದು ಮೊದಲು ನೋಡಿ. ಎರಡು ನಿಮಿಷದ ಕೆಲಸ, ಅರ್ಧ ಮೋಸ ಅಲ್ಲೇ ಬಯಲಾಗುತ್ತದೆ.

ಜೊತೆಗೆ ಬರುವ ಇನ್ನೆರಡು ಅಂಕಗಳು

ಟ್ರಾನ್ಸಿಟ್ ಸ್ಕೋರ್ ನಮಗೆ ಹೆಚ್ಚು ಹಿಡಿಸಿತು. ಹತ್ತಿರದ ನಿಲ್ದಾಣದ ದೂರ, ಎಷ್ಟು ಬಾರಿ ಗಾಡಿ ಬರುತ್ತದೆ, ಯಾವ ಬಗೆಯ ಗಾಡಿ ಎಂಬ ಮೂರನ್ನೂ ಸೇರಿಸುತ್ತದೆ. ರೈಲಿಗೆ ಬಸ್ಸಿನ ಎರಡರಷ್ಟು ತೂಕ. ಬಸ್ಸಿಗೂ ಆರೋಗ್ಯಕ್ಕೂ ಏನು ನಂಟು ಎನ್ನಬೇಡಿ. ನಿಲ್ದಾಣಕ್ಕೆ ಹೋಗಿ ಬರುವುದೇ ನಡಿಗೆ. 2005ರಲ್ಲಿ ಪ್ರಕಟವಾದ ಅಮೆರಿಕದ ವಿಶ್ಲೇಷಣೆಯೊಂದರಲ್ಲಿ ಸಾರ್ವಜನಿಕ ಸಾರಿಗೆ ಬಳಸುವವರು ಅದಕ್ಕಾಗಿಯೇ ದಿನಕ್ಕೆ ನಡೆದ ಸಮಯದ ಮಧ್ಯಾಂಕ 19 ನಿಮಿಷ. ಶೇ. 29 ಮಂದಿಗೆ ಅಷ್ಟರಲ್ಲೇ ದಿನದ ಮೂವತ್ತು ನಿಮಿಷ ಪೂರೈಸಿತ್ತು. ನಮ್ಮ ಸಲಹೆ: ವಾಕ್ ಸ್ಕೋರ್ 75, ಟ್ರಾನ್ಸಿಟ್ 70 ಇರುವ ಜಾಗವು ವಾಕ್ ಸ್ಕೋರ್ 90, ಟ್ರಾನ್ಸಿಟ್ 30 ಇರುವ ಜಾಗಕ್ಕಿಂತ ಮೇಲು. ಎಲ್ಲವೂ ಮನೆ ಬಾಗಿಲಲ್ಲೇ ಇದ್ದು ಕೆಲಸ ಮಾತ್ರ ಇಪ್ಪತ್ತು ಕಿಲೋಮೀಟರ್ ದೂರ ಇದ್ದರೆ, ದಿನದ ಒಂದೂವರೆ ಗಂಟೆ ಕಾರಿನ ಸೀಟಿನಲ್ಲೇ ಕಳೆಯುತ್ತದೆ.

ಬೈಕ್ ಸ್ಕೋರ್ ಸೈಕಲ್ ಪಥ, ಏರುತಗ್ಗು, ರಸ್ತೆಗಳ ಹೊಂದಿಕೆ, ಸೈಕಲ್ಲಿನಲ್ಲಿ ಕೆಲಸಕ್ಕೆ ಹೋಗುವವರ ಪಾಲು ಇವನ್ನು ನೋಡುತ್ತದೆ. ಏರುತಗ್ಗನ್ನು ಸೈಕಲ್ಲಿಗೆ ಎಣಿಸಿ ನಡಿಗೆಗೆ ಎಣಿಸದೆ ಬಿಟ್ಟದ್ದೇಕೋ ಅವರೇ ಬಲ್ಲರು.

ಒಂದು ಗಂಟೆಯ ಸ್ಥಳ ಪರೀಕ್ಷೆ

ಅಂಕ ಬಂದ ಮೇಲೆ ಮಾಡಬೇಕಾದ ಕೆಲಸ ಇದು. ಬೇಕಾದದ್ದು ಐದು ಮೀಟರಿನ ಟೇಪು, ಇಳಿಜಾರಿನ ಕೋನ ತೋರಿಸುವ ಫೋನು, ಸ್ಟಾಪ್‌ವಾಚ್, ಶಬ್ದ ಅಳೆಯುವ ಒಂದು ಆ್ಯಪ್. ಐಫೋನ್ ಇದ್ದವರಿಗೆ ಅಮೆರಿಕದ ಔದ್ಯೋಗಿಕ ಆರೋಗ್ಯ ಸಂಸ್ಥೆ ನಿಯೋಶ್ ಸಿದ್ಧಪಡಿಸಿದ ಉಚಿತ ಸೌಂಡ್ ಲೆವೆಲ್ ಮೀಟರ್ ಸಾಕು. ಹೊರಡುವ ಹೊತ್ತು ಮುಖ್ಯ. ಭಾನುವಾರ ಬೆಳಗ್ಗೆ ಏಳಕ್ಕೆ ಹೋದರೆ ಎಲ್ಲ ಬಡಾವಣೆಯೂ ಚೆಂದ. ಕೆಲಸದ ದಿನ ಸಂಜೆ ಜನ ಮನೆಗೆ ಮರಳುವ ಹೊತ್ತಿಗೊಮ್ಮೆ, ನೆರಳಿಗೆಂದೇ ಮಧ್ಯಾಹ್ನ ಒಂದರಿಂದ ಮೂರರ ನಡುವೆ ಇನ್ನೊಮ್ಮೆ ಹೋಗಿ. ಎರಡೂ ಸೇರಿ ಒಂದು ಗಂಟೆ.

ಮನೆಯಿಂದ ದಿನಸಿ ಅಂಗಡಿಗೆ, ನಿಲ್ದಾಣಕ್ಕೆ, ಪಾರ್ಕಿಗೆ ಹೋಗುವ ಮೂರು ದಾರಿಗಳನ್ನು ಮಾತ್ರ ನೋಡಿ. ಇಡೀ ಬಡಾವಣೆ ಸುತ್ತುವ ಅಗತ್ಯವಿಲ್ಲ.

ಮೊದಲು ವಾಹನಗಳ ವೇಗ. ರಸ್ತೆ ಬದಿಯ ಎರಡು ಕಂಬಗಳ ನಡುವೆ 100 ಮೀಟರ್ ಹೆಜ್ಜೆ ಹಾಕಿ ಗುರುತಿಟ್ಟುಕೊಳ್ಳಿ. ಗಂಟೆಗೆ 30 ಕಿಲೋಮೀಟರ್ ವೇಗದ ವಾಹನ ಅದನ್ನು 12 ಸೆಕೆಂಡಿನಲ್ಲಿ ದಾಟುತ್ತದೆ, 50ರ ವೇಗದ್ದು 7.2 ಸೆಕೆಂಡಿನಲ್ಲಿ. 50 ಮೀಟರ್ ಗುರುತು ಹಾಕಿದರೆ ಬೆರಳಿನ ತಡ ಲೆಕ್ಕವನ್ನೇ ಕೆಡಿಸುತ್ತದೆ, ಅದಕ್ಕೇ 100. ಇಪ್ಪತ್ತು ವಾಹನಗಳನ್ನು ಅಳೆದು, ಸಾಲಾಗಿ ಬರೆದು, ವೇಗದಲ್ಲಿ ಮೇಲಿನಿಂದ ಮೂರನೆಯದನ್ನು ನೋಡಿ. ಸರಾಸರಿ ನೋಡಬೇಡಿ, ಪಾದಚಾರಿಯನ್ನು ಹೆದರಿಸುವುದು ಸರಾಸರಿ ವಾಹನವಲ್ಲ. ಆ ಮೂರನೆಯದು 12 ಸೆಕೆಂಡಿಗಿಂತ ಕಡಿಮೆ ತೆಗೆದುಕೊಂಡಿದ್ದರೆ, ಫಲಕದಲ್ಲಿ ಏನೇ ಬರೆದಿದ್ದರೂ ಅದು 30ರ ರಸ್ತೆಯಲ್ಲ. ಜನರೂ ವಾಹನಗಳೂ ಬೆರೆಯುವ ಕಡೆ 30ರ ಮಿತಿ ಇರಬೇಕೆಂದು ರಸ್ತೆ ಸುರಕ್ಷತೆಯ ಬಗೆಗಿನ 2020ರ ಸ್ಟಾಕ್‌ಹೋಮ್ ಘೋಷಣೆ ಕೇಳಿದ್ದು ಸುಮ್ಮನೆ ಅಲ್ಲ. ವೇಗ ಏರಿದಂತೆ ಗುದ್ದಿಸಿಕೊಂಡವರು ಸಾಯುವ ಸಾಧ್ಯತೆ ಅದಕ್ಕಿಂತ ಕಡಿದಾಗಿ ಏರುತ್ತದೆ.

ಸಿಗ್ನಲ್ಲಿನ ಲೆಕ್ಕ ಇನ್ನೂ ಸುಲಭ. ರಸ್ತೆಯ ಅಗಲ ಅಳೆಯಿರಿ, ಪಾದಚಾರಿಗೆ ಹಸಿರು ಎಷ್ಟು ಸೆಕೆಂಡು ಇರುತ್ತದೆ ನೋಡಿ, ಭಾಗಿಸಿ. ಸೆಕೆಂಡಿಗೆ 1.2 ಮೀಟರ್ ನಡೆಯುತ್ತಾರೆ ಎಂಬ ಊಹೆಯ ಮೇಲೆ ಎಷ್ಟೋ ಸಿಗ್ನಲ್‌ಗಳಿಗೆ ಸಮಯ ಹೊಂದಿಸಿರುತ್ತಾರೆ. ವಯಸ್ಸಾದವರ ನಡಿಗೆ 0.8, 0.9ರ ಆಸುಪಾಸು. 14 ಮೀಟರ್ ಅಗಲದ ರಸ್ತೆಗೆ ಊಹೆಯ ಪ್ರಕಾರ 12 ಸೆಕೆಂಡು ಸಾಕು, ಅಜ್ಜಿಗೆ 17.5 ಬೇಕು. ಉಳಿದ ಐದೂವರೆ ಸೆಕೆಂಡು ಅವರು ರಸ್ತೆ ನಡುವೆ ಇರುತ್ತಾರೆ. ಒಮ್ಮೆ ಹಾಗಾದರೆ ಮರುದಿನದಿಂದ ಅವರು ಆಚೆ ಬದಿಯ ಪಾರ್ಕಿಗೆ ಹೋಗುವುದನ್ನೇ ಬಿಡುತ್ತಾರೆ. ನಡುವೆ ನಿಲ್ಲುವ ಜಾಗ, ಕನಿಷ್ಠ 2 ಮೀಟರ್ ಅಗಲದ್ದು, ಇದ್ದರೆ ತೊಂದರೆ ಬಹುಪಾಲು ತೀರುತ್ತದೆ.

ಫುಟ್‌ಪಾತಿನ ಒಟ್ಟು ಅಗಲವನ್ನು ಅಳೆಯಬೇಡಿ. ಕಂಬ, ಮರದ ಕಟ್ಟೆ, ನಿಲ್ಲಿಸಿದ ಗಾಡಿ, ತೆರೆದ ಚರಂಡಿ ಎಲ್ಲ ಕಳೆದು ಉಳಿಯುವ ಅತಿ ಕಿರಿದಾದ ಜಾಗವನ್ನು ಅಳೆಯಿರಿ. ಎರಡು ಗಾಲಿಕುರ್ಚಿಗಳು ಎದುರುಬದುರು ಸಾಗಲು 1.8 ಮೀಟರ್ ಬೇಕು, ಒಂದು ಗಾಲಿಕುರ್ಚಿಯ ಪಕ್ಕ ಒಬ್ಬರು ಸಾಗಲು 1.5. ಅಗಲಕ್ಕಿಂತ ಹೆಚ್ಚು ಕಾಡುವುದು ಅಡ್ಡ ಇಳಿಜಾರು. ಮನೆ ಮನೆಯ ಗೇಟಿಗೂ ಕಾರು ಹತ್ತಲು ಫುಟ್‌ಪಾತನ್ನೇ ಕೊರೆದು ಓರೆ ಮಾಡಿದಾಗ ಇದು ಹುಟ್ಟುತ್ತದೆ. ಫೋನನ್ನು ನೆಲಕ್ಕೆ ಅಡ್ಡಲಾಗಿ ಇಡಿ: ಒಂದು ಡಿಗ್ರಿ ಚಿಲ್ಲರೆ ಬಂದರೆ ಶೇ. 2ರ ಇಳಿಜಾರು, ಅದು ಮಿತಿ. ಮೂರು ಡಿಗ್ರಿ ಬಂದರೆ ಗಾಲಿಕುರ್ಚಿ ತಾನಾಗಿ ರಸ್ತೆಯತ್ತ ಜಾರುತ್ತದೆ, ಮಂಡಿ ನೋವಿನವರು ರಸ್ತೆಗಿಳಿದು ನಡೆಯುತ್ತಾರೆ. ಮೂಲೆಯಲ್ಲಿ ಇಳಿಯುವ ರ‍್ಯಾಂಪು 1:12ಕ್ಕಿಂತ ಕಡಿದಾಗಿರಬಾರದು. ಫೋನಿನಲ್ಲಿ ಅದು 4.8 ಡಿಗ್ರಿ.

ಹೋಗುವಾಗ ಕೂರುವ ಜಾಗ ಎಣಿಸಿಕೊಳ್ಳಿ. ವಯಸ್ಸಾದವರಿಗೂ ಉಬ್ಬಸದವರಿಗೂ ಸುಮಾರು 50 ಮೀಟರಿಗೊಂದು ಬೇಕು. ಕಟ್ಟೆ, ಅಂಗಡಿ ಮೆಟ್ಟಿಲು ಎಲ್ಲ ನಡೆಯುತ್ತದೆ, ಬೆಂಚೇ ಆಗಬೇಕಿಲ್ಲ.

ಹಸಿರಿಗೆ ‘3-30-300’ ಎಂಬ ಸೂತ್ರ ಹಿಡಿಯಿರಿ. ಸೇಸಿಲ್ ಕೊನೈನೆನ್‌ಡೈಕ್ ಎಂಬ ನಗರ ಅರಣ್ಯ ತಜ್ಞರು 2021ರಲ್ಲಿ ಮುಂದಿಟ್ಟದ್ದು. ಮನೆಯ ಕಿಟಕಿಯಿಂದ 3 ಮರ ಕಾಣಬೇಕು, ಬಡಾವಣೆಯ ಶೇ. 30 ಭಾಗಕ್ಕೆ ಮರದ ಹರಹು ಇರಬೇಕು, 300 ಮೀಟರ್ ಒಳಗೆ ಪಾರ್ಕು ಇರಬೇಕು. ಪಾರ್ಕಿನ ಗಾತ್ರಕ್ಕೆ ವಿಶ್ವ ಆರೋಗ್ಯ ಸಂಸ್ಥೆಯ ಯುರೋಪ್ ಕಚೇರಿ ಹೇಳುವುದು ಅರ್ಧದಿಂದ ಒಂದು ಹೆಕ್ಟೇರ್. ಮೊದಲನೆಯದನ್ನು ಕಿಟಕಿಯ ಬಳಿ ನಿಂತು ನೋಡಿ, ಎರಡನೆಯದನ್ನು ಉಪಗ್ರಹ ಚಿತ್ರದ ಮೇಲೆ ಹತ್ತಕ್ಕೆ ಹತ್ತರ ಚೌಕುಳಿ ಎಳೆದು, ಮರ ಬಿದ್ದ ಚುಕ್ಕೆಗಳನ್ನು ಎಣಿಸಿ ತಿಳಿಯಬಹುದು. ನೂರು ಚುಕ್ಕೆ, ಮೂವತ್ತು ಮರ. ಮೂರನೆಯದಕ್ಕೆ ಪಾರ್ಕಿನ ಬೇಲಿಯವರೆಗಲ್ಲ, ಗೇಟಿನವರೆಗೆ ಅಳೆಯಿರಿ. ಬೇಲಿ ಮನೆಯೆದುರು, ಗೇಟು ಆಚೆ ತುದಿಯಲ್ಲಿ ಎಂಬ ವಿನ್ಯಾಸಗಳು ಬೇಕಾದಷ್ಟಿವೆ. ಗೇಟು ತೆರೆದಿರುವ ಸಮಯವನ್ನೂ ಓದಿ ಬನ್ನಿ.

ಶಬ್ದದ ವಿಷಯದಲ್ಲಿ ಎಚ್ಚರ ಬೇಕು. ರಸ್ತೆ ಶಬ್ದಕ್ಕೆ ವಿಶ್ವ ಆರೋಗ್ಯ ಸಂಸ್ಥೆಯ ಯುರೋಪ್ ಕಚೇರಿ 2018ರಲ್ಲಿ ಸೂಚಿಸಿದ ಮಿತಿ ಇಡೀ ದಿನಕ್ಕೆ 53 ಡೆಸಿಬಲ್, ರಾತ್ರಿಗೆ 45. ಆ 53 ವರ್ಷದ ಸರಾಸರಿ, ಅದರಲ್ಲೂ ಸಂಜೆಗೆ 5, ರಾತ್ರಿಗೆ 10 ಡೆಸಿಬಲ್ ಹೆಚ್ಚುವರಿ ಸೇರಿಸಿ ಮಾಡಿದ್ದು. ನೀವು ಸಂಜೆ ಹದಿನೈದು ನಿಮಿಷ ಅಳೆದದ್ದನ್ನು ನೇರ ಅದರ ಪಕ್ಕ ಇಟ್ಟು ತೀರ್ಪು ಕೊಡಬೇಡಿ. ಎರಡು ಮನೆಗಳನ್ನು ಹೋಲಿಸಲು ಮಾತ್ರ ಬಳಸಿ: ಒಂದೇ ಫೋನು, ಒಂದೇ ಹೊತ್ತು, ಮಲಗುವ ಕೋಣೆಯ ಕಿಟಕಿಯ ಹೊರಗೆ, ಗೋಡೆಯಿಂದ ಒಂದೆರಡು ಮೀಟರ್ ದೂರ. ಗೋಡೆಗೆ ಒತ್ತಿ ಹಿಡಿದರೆ ಪ್ರತಿಫಲಿಸಿದ ಶಬ್ದವೂ ಸೇರಿ ಲೆಕ್ಕ ಉಬ್ಬುತ್ತದೆ. ವಾಹನ ಸಂಖ್ಯೆ ಇಮ್ಮಡಿಯಾದರೆ ಏರುವುದು 3 ಡೆಸಿಬಲ್ ಅಷ್ಟೆ. ರಸ್ತೆಯಿಂದ ದೂರ ಇಮ್ಮಡಿಯಾದರೆ ಇಳಿಯುವುದೂ ಸುಮಾರು ಅಷ್ಟೇ. ಎರಡು ಮನೆಗಳ ನಡುವೆ 6 ಡೆಸಿಬಲ್ ಅಂತರ ಕಂಡರೆ ಒಂದು ಕಡೆ ನಾಲ್ಕು ಪಟ್ಟು ವಾಹನ ಓಡಿದಂತೆ ಲೆಕ್ಕ. ಫೋನಿನ ಮೈಕಿನ ತಪ್ಪು ಒಂದೆರಡು ಡೆಸಿಬಲ್ ಇರುತ್ತದೆ, ಹಾಗಾಗಿ 2ರ ಅಂತರವನ್ನು ತಲೆಗೆ ಹಚ್ಚಿಕೊಳ್ಳಬೇಡಿ.

ಅಂಕವೇ ಸಿಗದ ಊರಿನವರಿಗೆ

ವಾಕ್ ಸ್ಕೋರ್ ಸರಿಯಾಗಿ ಸಿಗುವುದು ಅಮೆರಿಕ, ಕೆನಡಾ, ಆಸ್ಟ್ರೇಲಿಯಾಗಳಲ್ಲಿ. ಉಳಿದವರು ಕೈ ಚೆಲ್ಲಬೇಕಿಲ್ಲ, ತಾವೇ ಮಾಡಿಕೊಳ್ಳಬಹುದು. ಕೆಲವು ವಿಷಯಗಳಲ್ಲಿ ಅದಕ್ಕಿಂತ ಚೆನ್ನಾಗಿಯೇ. ಓಪನ್‌ಸ್ಟ್ರೀಟ್‌ಮ್ಯಾಪ್ ನಕಾಶೆಯ ಮೇಲೆ ಓಡುವ ಓಪನ್‌ರೂಟ್‌ಸರ್ವಿಸ್ ಎಂಬ ತಾಣದಲ್ಲಿ ಒಂದು ಬಿಂದು ಇಟ್ಟು, ನಡಿಗೆ ಆರಿಸಿ, 5, 10, 15 ನಿಮಿಷಗಳಲ್ಲಿ ಎಲ್ಲಿಯವರೆಗೆ ಹೋಗಬಹುದು ಎಂಬ ಆಕಾರ ಬಿಡಿಸಿಕೊಳ್ಳಿ. ಆಕಾರವೇ ಅರ್ಧ ಕತೆ ಹೇಳುತ್ತದೆ. ದುಂಡಗೆ ಹರಡಿದರೆ ರಸ್ತೆಗಳು ಚೆನ್ನಾಗಿ ಹೆಣೆದಿವೆ. ಜೇಡರ ಕಾಲಿನ ಹಾಗೆ ಅಲ್ಲೊಂದು ಇಲ್ಲೊಂದು ಚಾಚಿದರೆ ಬಡಾವಣೆ ತುಂಬ ಮುಚ್ಚಿದ ರಸ್ತೆಗಳು. ಹತ್ತು ನಿಮಿಷದ, ಅಂದರೆ 800 ಮೀಟರಿನ ಪೂರ್ಣ ವೃತ್ತ 201 ಹೆಕ್ಟೇರ್. ನಿಮ್ಮ ಆಕಾರದ ವಿಸ್ತೀರ್ಣ ಅದರ ಶೇ. 60, ಅಂದರೆ 120 ಹೆಕ್ಟೇರ್ ಮುಟ್ಟಿದರೆ ಒಳ್ಳೆಯ ಹೆಣಿಗೆ. 60 ಹೆಕ್ಟೇರಿಗೆ ಇಳಿದಿದ್ದರೆ ನಕಾಶೆಯಲ್ಲಿ ಕಾಲುಹಾದಿ ಬಿಟ್ಟುಹೋಗಿದೆಯೇ ಎಂದು ಒಮ್ಮೆ ನೋಡಿ. ಬಿಟ್ಟಿದ್ದರೆ ಖಾತೆ ತೆರೆದು ನೀವೇ ಸೇರಿಸಬಹುದು.

ಆಮೇಲೆ ಆ ಆಕಾರದೊಳಗೆ ಏನೇನಿದೆ ಎಂದು ಎಣಿಸಿ. ತೂಕವನ್ನು ಅವರದ್ದೇ ಇಟ್ಟುಕೊಳ್ಳಬೇಡಿ. ಆರೋಗ್ಯದ ದೃಷ್ಟಿಯಿಂದ ನಾವು ಸೂಚಿಸುವ ಹದಿನೈದು ಹೀಗೆ: ತರಕಾರಿ ಹಣ್ಣು ಸಿಗುವ ಅಂಗಡಿಗೆ 3, ಹದಿನೈದು ನಿಮಿಷದೊಳಗೆ ಒಮ್ಮೆ ಗಾಡಿ ಬರುವ ನಿಲ್ದಾಣಕ್ಕೆ 3, ಮೊದಲ ಪಾರ್ಕಿಗೆ 2, ಎರಡನೆಯದಕ್ಕೆ 1, ಶಾಲೆಗೆ 2, ಔಷಧದಂಗಡಿ ಅಥವಾ ಚಿಕಿತ್ಸಾಲಯಕ್ಕೆ 2, ಸುಮ್ಮನೆ ಕೂತು ನಾಲ್ಕು ಜನರ ಜೊತೆ ಮಾತಾಡುವ ಜಾಗಕ್ಕೆ 2. ಇದು ನಮ್ಮ ತೀರ್ಮಾನ, ವೇದವಾಕ್ಯವಲ್ಲ. ಮನೆಯಲ್ಲಿ ಮಕ್ಕಳಿಲ್ಲದಿದ್ದರೆ ಶಾಲೆಯ 2 ತೆಗೆದು ಬೇಕಾದ ಕಡೆ ಹಾಕಿಕೊಳ್ಳಿ. ಬಂದ ಮೊತ್ತವನ್ನು 15ರಿಂದ ಭಾಗಿಸಿ ನೂರರಿಂದ ಗುಣಿಸಿ. ಸ್ಥಳ ಪರೀಕ್ಷೆಯ ವೇಗ, ಸಿಗ್ನಲ್, ಫುಟ್‌ಪಾತ್, ನೆರಳು, ಶಬ್ದ ಈ ಐದರಲ್ಲಿ ಸೋತ ಒಂದೊಂದಕ್ಕೂ 10 ಕಳೆಯಿರಿ.

ನಮ್ಮ ಅಂಕ

ಹತ್ತಿರ ಏನಿದೆ ಎಂದು ತಿಳಿಯುವ ಸಾಧನವಾಗಿ ವಾಕ್ ಸ್ಕೋರ್‌ಗೆ ಐದರಲ್ಲಿ ನಾಲ್ಕು. ಬೇಗ ಸಿಗುತ್ತದೆ, ಬಳಸುವುದು ಸುಲಭ, ಲೆಕ್ಕದ ವಿಧಾನವನ್ನು ಬಚ್ಚಿಟ್ಟಿಲ್ಲ. ಒಂದು ಅಂಕ ಕಳೆದದ್ದು ಹಳಸಿದ ಮಾಹಿತಿಗೆ. ಬಡಾವಣೆಯ ಆರೋಗ್ಯ ಅಳೆಯುವ ಸಾಧನವಾಗಿ ಐದರಲ್ಲಿ ಎರಡು. ಇಪ್ಪತ್ತು ಮನೆಗಳ ಪಟ್ಟಿಯನ್ನು ಐದಕ್ಕೆ ಇಳಿಸುವ ಜರಡಿ ಇದು. ಐದರಲ್ಲಿ ಒಂದನ್ನು ಆರಿಸಿಕೊಡುವ ತಕ್ಕಡಿಯಲ್ಲ. 50ಕ್ಕಿಂತ ಕೆಳಗಿನ ಅಂಕವನ್ನು ಧಾರಾಳವಾಗಿ ನಂಬಿ, ಅಲ್ಲಿ ಕಾರು ಅಥವಾ ಬೈಕು ಇಲ್ಲದೆ ದಿನ ಕಳೆಯುವುದು ಕಷ್ಟವೇ. 80ಕ್ಕಿಂತ ಮೇಲಿನ ಅಂಕವನ್ನು ಮಾತ್ರ ಟೇಪು ಹಿಡಿದು ಹೋಗುವವರೆಗೆ ನಂಬಬೇಡಿ. ಆ ಹೊತ್ತಿಗೆ ಬಡಾವಣೆಯ ಒಬ್ಬ ಹಿರಿಯರು ಕೈಚೀಲ ಹಿಡಿದು ನಡೆದುಬರುವುದು ಕಂಡರೆ, ಅವರು ಎಲ್ಲಿ ನಿಲ್ಲುತ್ತಾರೆ, ಎಲ್ಲಿ ರಸ್ತೆಗಿಳಿಯುತ್ತಾರೆ ಎಂದು ಗಮನಿಸಿ ಆ ಜಾಗಗಳಿಂದಲೇ ಅಳತೆ ಶುರು ಮಾಡಿ.